‘ಮುಗಿಸಲು ಪ್ರಯತ್ನಿಸುತ್ತೇವೆ’: ಬೇಗೂರಿನ ಫ್ಲ್ಯಾಟ್ ಕರಾರಿನಲ್ಲಿ ಒಂದು ಕ್ರಿಯಾಪದ

ಬೆಂಗಳೂರಿನ ಬೇಗೂರಿನಲ್ಲಿ 27.5 ಎಕರೆ ಜಾಗ. 19 ಟವರ್‌, ಒಂದೊಂದಕ್ಕೂ ಸ್ಟಿಲ್ಟ್ (ಕೆಳಗಿನ ಕಂಬಗಳ ಅಂತಸ್ತು) ಮೇಲೆ 18 ಅಂತಸ್ತು, ಒಟ್ಟು 1,980 ಫ್ಲ್ಯಾಟ್. ಯೋಜನೆಯ ಹೆಸರು ವೆಸ್ಟೆಂಡ್ ಹೈಟ್ಸ್, ಮಾರಿದ್ದು ಡಿಎಲ್‌ಎಫ್ ಸದರ್ನ್ ಹೋಮ್ಸ್. ಕರಾರಿನಲ್ಲಿ 36 ತಿಂಗಳು ಎಂದಿತ್ತು. ಕೀಲಿಕೈ ಕೊಡುವ ಹೊತ್ತಿಗೆ ಆ 36 ತಿಂಗಳ ಮೇಲೆ ಎರಡರಿಂದ ನಾಲ್ಕು ವರ್ಷ ಕಳೆದುಹೋಗಿತ್ತು. 339 ಕೊಳ್ಳುಗರು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು, 2019ರ ಜುಲೈ 2ರಂದು ಸೋತರು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು. 2020ರ ಆಗಸ್ಟ್ 24ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಕೆ.ಎಂ. ಜೋಸೆಫ್ ಅವರ ಪೀಠ ಆಯೋಗದ ಆದೇಶವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು.

ಗ್ರಾಹಕ ಕಾನೂನು ಓದುವವರು ಈ ತೀರ್ಪನ್ನು ಪರಿಹಾರದ ದರಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ. ಇಲ್ಲಿ ಅದನ್ನು ಬೇರೆ ಕಾರಣಕ್ಕೆ ತೆಗೆದುಕೊಂಡಿದ್ದೇವೆ. ಒಂದು ಕರಾರಿನಲ್ಲಿ ಮಾತು ಕೊಟ್ಟಂತೆಯೂ ಇರಬೇಕು, ಕೊಡದಂತೆಯೂ ಇರಬೇಕು ಎಂದರೆ ವಾಕ್ಯವನ್ನು ಹೇಗೆ ಕಟ್ಟುತ್ತಾರೆ, ಆ ವಾಕ್ಯ ಯಾರ ಮೇಲೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಮಾದರಿ ಸಿಗುವುದು ಕಡಿಮೆ. ಅಡ್ಡಗೋಡೆಯ ಮೇಲೆ ದೀಪ ಇಡುವುದೂ ಒಂದು ಕಸುಬು. ಅದನ್ನು ಬಲ್ಲವರು ದೀಪ ಎಲ್ಲಿಡಬೇಕೆಂದು ಅಳತೆ ಮಾಡಿಯೇ ಇಡುತ್ತಾರೆ.

ವಾಕ್ಯ

ಕರಾರಿನ 11(ಎ) ಕಲಮಿನ ತಾತ್ಪರ್ಯ ಹೀಗಿದೆ: ಕಂಪನಿಯು ತನ್ನ ಸದ್ಯದ ಯೋಜನೆ ಮತ್ತು ಅಂದಾಜುಗಳ ಆಧಾರದಲ್ಲಿ, ಎಲ್ಲ ನ್ಯಾಯಯುತ ವಿನಾಯಿತಿಗಳಿಗೆ ಒಳಪಟ್ಟು, ಕರಾರಿಗೆ ಸಹಿಯಾದ ದಿನದಿಂದ 36 ತಿಂಗಳೊಳಗೆ ಕಟ್ಟಡದ ಕೆಲಸ ಮುಗಿಸಲು ಪ್ರಯತ್ನಿಸುತ್ತದೆ, ಮುಂದಿನ ಉಪಕಲಮುಗಳಲ್ಲಿ ಹೇಳಿರುವ ಕಾರಣಗಳಿಂದ ತಡವಾದರೆ ಮಾತು ಬೇರೆ.

ಕೊಳ್ಳುವವರ ಕಣ್ಣು ಇದರಲ್ಲಿ ಒಂದೇ ಕಡೆ ನಿಲ್ಲುತ್ತದೆ, ‘36’ರ ಮೇಲೆ. ಅಂಕಿಯ ಗುಣವೇ ಅದು. ಸುತ್ತಲಿನ ಪದಗಳೆಲ್ಲ ಕೋರ್ಟು ಕಚೇರಿಯ ಭಾಷೆಯಂತೆ ಕಂಡು, ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆ. ಆದರೆ ಆ ಅಂಕಿ ನಿಂತಿರುವುದು ಮೆತ್ತೆಗಳ ಮೇಲೆ. ಒಂದೊಂದಾಗಿ ಎತ್ತಿ ನೋಡೋಣ.

‘ಸದ್ಯದ ಯೋಜನೆ ಮತ್ತು ಅಂದಾಜು’ ಎಂಬುದು ಇವತ್ತಿನ ಅಭಿಪ್ರಾಯ. ನಾಳೆ ಯೋಜನೆ ಬದಲಾಯಿತು ಎಂದರೆ ಹಿಂದಿನ ಅಂದಾಜು ಸುಳ್ಳಾಗುವುದಿಲ್ಲ, ಹಳೆಯದಾಗುತ್ತದೆ ಅಷ್ಟೇ. ‘ಎಲ್ಲ ನ್ಯಾಯಯುತ ವಿನಾಯಿತಿಗಳು’ ಯಾವುವು ಎಂದು ಪಟ್ಟಿ ಕೊಟ್ಟಿಲ್ಲ. ಪಟ್ಟಿ ಇಲ್ಲದ ವಿನಾಯಿತಿ ಎಂದರೆ ಬಾಗಿಲಿಗೆ ಚಿಲಕ ಇಲ್ಲ ಎಂದೇ ಅರ್ಥ. ‘ಕರಾರಿಗೆ ಸಹಿಯಾದ ದಿನದಿಂದ’ ಎಂಬಲ್ಲಿ ಗಡಿಯಾರ ಶುರುವಾಗುವುದು ಬುಕ್ಕಿಂಗ್ ಹಣ ಕೊಟ್ಟ ದಿನವಲ್ಲ. ಕರಾರಿನ ಪ್ರತಿ ಸಿದ್ಧಪಡಿಸಿ ಕಳಿಸುವುದು ಕಂಪನಿ, ಹಾಗಾಗಿ ನಡುವೆ ಹೋದ ವಾರ ತಿಂಗಳುಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕೊನೆಯ ಭಾಗ ತಡಕ್ಕೆ ಒಪ್ಪಬಹುದಾದ ಕಾರಣಗಳ ಕಡೆಗೆ ಕೈ ತೋರಿಸುತ್ತದೆ, ಅವು ಬೇರೆ ಉಪಕಲಮುಗಳಲ್ಲಿವೆ. ಓದುವವರು ಪುಟ ತಿರುಗಿಸಬೇಕು. ಬಹುಪಾಲು ಜನ ತಿರುಗಿಸುವುದಿಲ್ಲ.

ಇಷ್ಟಾದ ಮೇಲೂ ಏನಾದರೂ ಬಾಕಿ ಉಳಿದರೆ ಎಂದು ನಡುವೆ ಕ್ರಿಯಾಪದ ಕೂರಿಸಲಾಗಿದೆ: ‘ಪ್ರಯತ್ನಿಸುತ್ತದೆ’.

ಕನ್ನಡದಲ್ಲಿ ಇದರ ಮೆಟ್ಟಿಲುಗಳನ್ನು ಇಳಿದು ನೋಡಿದರೆ ಕೈಚಳಕ ಬೇಗ ಗೊತ್ತಾಗುತ್ತದೆ. ‘ಮಾರ್ಚ್ 31ಕ್ಕೆ ಮನೆ ಕೊಡುತ್ತೇವೆ.’ ಇಲ್ಲಿ ಕೊಡುವವರಿದ್ದಾರೆ, ಕೊಡುವ ವಸ್ತುವಿದೆ, ತಾರೀಖಿದೆ. ‘ಮಾರ್ಚ್ 31ಕ್ಕೆ ಮನೆ ಕೊಡಲಾಗುವುದು.’ ಕೊಡುವವರು ಮಾಯವಾದರು. ‘ಮಾರ್ಚ್ ವೇಳೆಗೆ ಮನೆ ಕೊಡಲು ಉದ್ದೇಶಿಸಲಾಗಿದೆ.’ ತಾರೀಖು ಕರಗಿತು, ಉಳಿದದ್ದು ಉದ್ದೇಶ. ‘ಮಾರ್ಚ್ ವೇಳೆಗೆ ಮನೆ ಕೊಡಲು ಎಲ್ಲ ಪ್ರಯತ್ನ ಮಾಡಲಾಗುವುದು.’ ಈಗ ಮನೆಯೂ ಇಲ್ಲ, ಕೊಡುತ್ತಿರುವುದು ಪ್ರಯತ್ನವನ್ನು. ನಾಲ್ಕೂ ವಾಕ್ಯ ಬಾಯಲ್ಲಿ ಹೇಳಿದಾಗ ಒಂದೇ ಮಾತಿನಂತೆ ಕೇಳಿಸುತ್ತವೆ. ಮೊದಲನೆಯದು ಸುಳ್ಳಾಗಬಹುದಾದ ಮಾತು, ಕೊನೆಯದು ಎಂದಿಗೂ ಸುಳ್ಳಾಗದ ಮಾತು. ಸುಳ್ಳಾಗಲಾರದ ಮಾತನ್ನು ಒಬ್ಬ ವ್ಯಾಪಾರಿ ನಿಮಗೆ ಕೊಟ್ಟರೆ ಅವರು ನಿಮಗೆ ಏನನ್ನೂ ಕೊಟ್ಟಿಲ್ಲ.

ಸರಕಾರಿ ಕಡತಗಳ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಕೂಡ ಇದೇ ಮನೆತನದ ವಾಕ್ಯ. ಅದರಲ್ಲಿ ನಾಲ್ಕು ಪದ ಸೋರುತ್ತವೆ, ಒಂದರಲ್ಲೂ ತಾರೀಖಿಲ್ಲ. ಅದು ಬೇರೆಯೇ ಪ್ರಕರಣವಾದೀತು.

ಎರಡು ಪಟ್ಟು ಮೆತ್ತಗೆ: ಗುರುಗ್ರಾಮದ ಮಾದರಿ

ಹೋಲಿಕೆಗೆ ಇನ್ನೊಂದು ಕರಾರು. ಪಯೋನಿಯರ್ ಅರ್ಬನ್ ಕಂಪನಿಯ ಗುರುಗ್ರಾಮದ ಯೋಜನೆಯೊಂದರದು. ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 2ರಂದು ಆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲಿನ ಕಲಮು ಬೇಗೂರಿನದಕ್ಕಿಂತ ಒಂದು ಹೆಜ್ಜೆ ಮುಂದೆ: ಅಗೆತ ಶುರುವಾದ ದಿನದಿಂದ 39 ತಿಂಗಳೊಳಗೆ ವಾಸಯೋಗ್ಯ ಪ್ರಮಾಣಪತ್ರಕ್ಕೆ, ಅಂದರೆ ಒಸಿಗೆ, ಅರ್ಜಿ ಹಾಕಲು ಎಲ್ಲ ಪ್ರಯತ್ನ ಮಾಡುವುದು, ಅದರ ಮೇಲೆ 180 ದಿನ ರಿಯಾಯಿತಿ.

ಇದರಲ್ಲಿ ಕೊಳ್ಳುವವರಿಗೆ ಕೊಟ್ಟ ಮಾತು ಏನು? ಮನೆಯಲ್ಲ. ಒಸಿ ಕೂಡ ಅಲ್ಲ. ಒಸಿಗೆ ಅರ್ಜಿಯೂ ಅಲ್ಲ. ಅರ್ಜಿ ಹಾಕುವ ಪ್ರಯತ್ನ. ಗಡಿಯಾರ ಶುರುವಾಗುವುದು ಬುಲ್ಡೋಜರ್ ಮಣ್ಣಿಗಿಳಿದ ದಿನ. ಆ ದಿನ ಯಾವುದೆಂದು ಗೊತ್ತಿರುವುದು ಬಿಲ್ಡರ್‌ಗೆ. ಅದೇ ಕರಾರಿನಲ್ಲಿ ಕೊಳ್ಳುವವರು ಕಂತು ತಡಮಾಡಿದರೆ ವರ್ಷಕ್ಕೆ 18% ಬಡ್ಡಿ, ಬಿಲ್ಡರ್ ಹಣ ಹಿಂತಿರುಗಿಸಬೇಕಾಗಿ ಬಂದರೆ 9%. ಕೊಳ್ಳುವವರ ಹೊಣೆ ಬರೆಯುವಾಗ ಒಂದು ಮೆತ್ತೆಯೂ ಇಲ್ಲ, ‘ಕಂತು ಕಟ್ಟಲು ಪ್ರಯತ್ನಿಸತಕ್ಕದ್ದು’ ಎಂದು ಯಾರೂ ಬರೆದಿಲ್ಲ. ಇಂಥ ಕರಾರು ಓದುವಾಗ ನಾವು ಮಾಡುವ ಮೊದಲ ಪರೀಕ್ಷೆ ಇದೇ. ಬಿಲ್ಡರ್‌ನ ಹೊಣೆಯ ಕಲಮುಗಳನ್ನು ಒಂದು ಬಣ್ಣದಲ್ಲಿ, ನಿಮ್ಮ ಹೊಣೆಯ ಕಲಮುಗಳನ್ನು ಇನ್ನೊಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಒಂದೇ ಕೈ ಬರೆದ ದಸ್ತಾವೇಜಿನಲ್ಲಿ ಒಂದು ಬಣ್ಣದ ಕ್ರಿಯಾಪದಗಳು ಗಟ್ಟಿಯಾಗಿ, ಇನ್ನೊಂದರವು ಮೆತ್ತಗಿದ್ದರೆ, ಅಸ್ಪಷ್ಟತೆ ಬರೆದವರ ಕೈತಪ್ಪಲ್ಲ. ಅವರಿಗೆ ಸ್ಪಷ್ಟವಾಗಿ ಬರೆಯಲು ಬರುತ್ತದೆ ಎಂಬುದಕ್ಕೆ ಆ ಪುಟವೇ ಸಾಕ್ಷಿ.

ಪಯೋನಿಯರ್ ಪ್ರಕರಣದಲ್ಲಿ ಕೋರ್ಟು ಇಂಥ ಏಕಪಕ್ಷೀಯ ಷರತ್ತುಗಳನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಚುಕ್ಕಿ ಗೆರೆಯ ಮೇಲೆ ಸಹಿ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲದ ಕೊಳ್ಳುಗರನ್ನು ಅವು ಕಟ್ಟಿಹಾಕಲಾರವು ಎಂದು ತೀರ್ಮಾನಿಸಿತು. ಬಡ್ಡಿ ಸಮೇತ ಹಣ ವಾಪಸ್ ಕೊಡಬೇಕೆಂಬ ರಾಷ್ಟ್ರೀಯ ಆಯೋಗದ ಆದೇಶ ಉಳಿಯಿತು.

ಚದರಡಿಗೆ 5 ರೂಪಾಯಿ

ಬೇಗೂರಿಗೆ ಮರಳೋಣ. ತಡವಾದರೆ ಕಂಪನಿ ಕೊಡಬೇಕಾದದ್ದು ತಿಂಗಳಿಗೆ ಚದರಡಿಗೆ 5 ರೂಪಾಯಿ ಎಂದು ಕರಾರಿನಲ್ಲಿತ್ತು. ಇದು ಅಸ್ಪಷ್ಟ ಭಾಷೆಯಲ್ಲ, ಪೂರಾ ಸ್ಪಷ್ಟ. ಆದರೂ ಇದಕ್ಕೂ ಮೇಲಿನ ವಾಕ್ಯಕ್ಕೂ ನಂಟಿದೆ. ‘ಪರಿಹಾರ ಕೊಡುತ್ತೇವೆ’ ಎಂಬ ಮಾತು ನೆಮ್ಮದಿ ಕೊಡುತ್ತದೆ. ‘ಚದರಡಿಗೆ 5 ರೂಪಾಯಿ’ ಎಂಬ ಅಳತೆ ಆ ಪರಿಹಾರ ಎಷ್ಟು ಸಣ್ಣದು ಎಂಬುದನ್ನು ಮರೆಸುತ್ತದೆ. ಕೊಳ್ಳುವವರು ತಿಂಗಳ ಕಂತಿನ ಲೆಕ್ಕದಲ್ಲಿ ಯೋಚಿಸುತ್ತಾರೆ, ಕರಾರು ಚದರಡಿಯ ಲೆಕ್ಕದಲ್ಲಿ ಮಾತಾಡುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರೆಗೆ ವ್ಯತ್ಯಾಸ ಕಾಣುವುದಿಲ್ಲ.

ಹಾಕಿ ನೋಡೋಣ. ಲೆಕ್ಕಕ್ಕೆಂದು 1,500 ಚದರಡಿಯ ಫ್ಲ್ಯಾಟ್, ಕೊಳ್ಳುವವರು ಕಟ್ಟಿರುವುದು 50 ಲಕ್ಷ ರೂಪಾಯಿ, ಅದರಲ್ಲಿ 40 ಲಕ್ಷ ಬ್ಯಾಂಕ್ ಸಾಲ, ಬಡ್ಡಿ 9.5%, ತಡ 30 ತಿಂಗಳು ಎಂದಿಟ್ಟುಕೊಳ್ಳಿ. ಕರಾರಿನ ಪರಿಹಾರ ತಿಂಗಳಿಗೆ 7,500 ರೂಪಾಯಿ, 30 ತಿಂಗಳಿಗೆ 2.25 ಲಕ್ಷ. ಅದೇ ಅವಧಿಯಲ್ಲಿ ಸಾಲದ ಬಡ್ಡಿಯೊಂದೇ ತಿಂಗಳಿಗೆ ಸುಮಾರು 31,667, ಒಟ್ಟು 9.5 ಲಕ್ಷ. ಬಾಡಿಗೆ ಮನೆಯ ಖರ್ಚು ಇದರಲ್ಲಿ ಸೇರಿಲ್ಲ.

ರಾಷ್ಟ್ರೀಯ ಆಯೋಗ ಕರಾರಿನ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬ ಕಂಪನಿಯ ವಾದವನ್ನು ಒಪ್ಪಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯವಾಗಿ ಕೋರ್ಟುಗಳು ಇಬ್ಬರೂ ಒಪ್ಪಿದ ಷರತ್ತಿಗೆ ಇಬ್ಬರನ್ನೂ ಬದ್ಧರನ್ನಾಗಿಸುತ್ತವೆ ನಿಜ. ಆದರೆ ಬಿಲ್ಡರ್ ತನ್ನ ರಕ್ಷಣೆಗೆಂದೇ ಬರೆದ ಕರಾರಿನ ಏಕಪಕ್ಷೀಯ ಗುಣಕ್ಕೆ ಕಣ್ಣು ಮುಚ್ಚಿಕೊಳ್ಳಲು ಆಗದು, ತಡ ಎಷ್ಟೇ ದೊಡ್ಡದಿರಲಿ ಅದೇ 5 ರೂಪಾಯಿ ಎಂದರೆ ನ್ಯಾಯ ತಪ್ಪಿದಂತೆ ಎಂಬುದು ಪೀಠದ ನಿಲುವು. 36 ತಿಂಗಳು ಮುಗಿದ ದಿನದಿಂದ, ಒಸಿ ಸಿಕ್ಕ ಮೇಲೆ ಸ್ವಾಧೀನಕ್ಕೆ ಕರೆದ ದಿನದವರೆಗೆ, ಕಟ್ಟಿದ ಹಣಕ್ಕೆ ವರ್ಷಕ್ಕೆ 6% ಸರಳ ಬಡ್ಡಿ, ಅದೂ 5 ರೂಪಾಯಿಯ ಜೊತೆಗೆ, ಕೊಡಬೇಕೆಂದು ಆದೇಶವಾಯಿತು. ಒಂದು ತಿಂಗಳೊಳಗೆ ಕೊಡದಿದ್ದರೆ ಆ ಮೊತ್ತಕ್ಕೆ 9% ಬಡ್ಡಿ. ನಮ್ಮ ಉದಾಹರಣೆಗೆ ಇದನ್ನು ಹಚ್ಚಿದರೆ 6%ರ ಪಾಲು ತಿಂಗಳಿಗೆ 25,000, 30 ತಿಂಗಳಿಗೆ 7.5 ಲಕ್ಷ, 2.25 ಲಕ್ಷ ಸೇರಿ 9.75 ಲಕ್ಷ. ಸಾಲದ ಬಡ್ಡಿಯ ಹತ್ತಿರ ಹತ್ತಿರಕ್ಕೆ ಬಂತು.

ಗಮನಿಸಬೇಕಾದ್ದು: ಬಡ್ಡಿ ಲೆಕ್ಕ ಶುರುವಾಗುವುದು ‘36 ತಿಂಗಳು ಮುಗಿದ ದಿನದಿಂದ’. ‘ಪ್ರಯತ್ನ’, ‘ಅಂದಾಜು’, ‘ವಿನಾಯಿತಿ’ ಎಂಬ ಮೆತ್ತೆಗಳೆಲ್ಲ ಅಂತಿಮ ಆದೇಶದ ಹೊತ್ತಿಗೆ ಉದುರಿಹೋಗಿ, ಕೊಳ್ಳುವವರು ಮೊದಲ ದಿನ ಕಂಡಿದ್ದ ಅಂಕಿಯೊಂದೇ ಉಳಿಯಿತು.

ಹಾಗಿದ್ದರೆ ಆ ಪದಗಳಿಂದ ಏನು ಲಾಭವಾಯಿತು? ಇಲ್ಲೇ ಈ ಪ್ರಕರಣದ ತಿರುಳಿರುವುದು. ಅಂಥ ಪದಗಳು ಕೆಲಸ ಮಾಡುವುದು ನ್ಯಾಯಾಧೀಶರ ಮೇಲಲ್ಲ, ನ್ಯಾಯಾಧೀಶರ ಹತ್ತಿರ ಹೋಗಬೇಕಾದವರ ಮೇಲೆ. 37ನೇ ತಿಂಗಳಲ್ಲಿ ಸಿಟ್ಟಿನಿಂದ ಕರಾರು ತೆರೆದವರಿಗೆ ‘ಪ್ರಯತ್ನಿಸುತ್ತದೆ’ ಎಂಬ ಪದ ಕಾಣುತ್ತದೆ. ‘ಅಯ್ಯೋ, ನಾನೇ ಸಹಿ ಹಾಕಿದ್ದೀನಲ್ಲ’ ಎಂದು ಸುಮ್ಮನಾಗುತ್ತಾರೆ. 1,980 ಫ್ಲ್ಯಾಟ್‌ಗಳಿದ್ದ ಜಾಗದಲ್ಲಿ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋದವರು 339. ಉಳಿದವರಲ್ಲಿ ಯಾರು ಯಾವ ಕಾರಣಕ್ಕೆ ಹೋಗಲಿಲ್ಲ ಎಂದು ಹೇಳಲಾಗದು. ಆದರೆ ಮೆತ್ತಗಿನ ಪದಕ್ಕೆ ಕೋರ್ಟಿನಲ್ಲಿ ಗೆಲ್ಲುವ ಅಗತ್ಯವೇ ಇಲ್ಲ. ಅನುಮಾನ ಹುಟ್ಟಿಸಿದರೆ ಅದರ ಕೂಲಿ ಸಂದಾಯವಾಯಿತು.

‘ಪ್ರತಿಭಟನೆ ಇಲ್ಲದೆ’

ಎರಡನೆಯ ಹಂತ ಕೀಲಿಕೈ ಕೊಡುವಾಗ ಬರುತ್ತದೆ. ಈ ಪ್ರಕರಣದಲ್ಲಿ ಕೊಳ್ಳುಗರು ಕಂಪನಿಯ ಪತ್ರಗಳನ್ನು ಹಾಜರುಪಡಿಸಿದ್ದರು. ಕ್ರಯಪತ್ರ ಮಾಡಿಸಿಕೊಳ್ಳುವಾಗ ಯಾವ ಆಕ್ಷೇಪವನ್ನೂ, ಯಾವ ಹಕ್ಕು ಕಾಯ್ದಿರಿಸುವಿಕೆಯನ್ನೂ ಒಪ್ಪುವುದಿಲ್ಲ ಎಂಬ ಧಾಟಿ ಅವುಗಳಲ್ಲಿತ್ತು ಎಂದು ಪೀಠ ಗುರುತಿಸಿತು. ಪರಿಹಾರದ ಹಕ್ಕು ಉಳಿಸಿಕೊಂಡರೆ ಮನೆ ಸದ್ಯಕ್ಕಿಲ್ಲ, ಮನೆ ಬೇಕಾದರೆ ಹಕ್ಕು ಬಿಡಬೇಕು: ದುಡ್ಡು ಪೂರಾ ಕಟ್ಟಿದವರಿಗೆ ಇಂಥ ಆಯ್ಕೆ ಕೊಡುವುದೇ ಅನ್ಯಾಯ ಎಂದು ಹೇಳಿತು. ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ತಡದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂಬ ಅಂಶ ಈ ತೀರ್ಪಿನಿಂದ ಗಟ್ಟಿಯಾಯಿತು.

ಇಂಥ ಮುಚ್ಚಳಿಕೆಗಳ ಭಾಷೆಯನ್ನು ಹತ್ತಿರದಿಂದ ನೋಡಬೇಕು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಬರುವ ಒಂದು ರೂಪ: ‘ಫ್ಲ್ಯಾಟನ್ನು ಪರಿಶೀಲಿಸಿ, ವಿಸ್ತೀರ್ಣ, ಗುಣಮಟ್ಟ ಹಾಗೂ ಇತರೆ ಎಲ್ಲ ವಿಷಯಗಳ ಬಗ್ಗೆ ತೃಪ್ತರಾಗಿ ಸ್ವಾಧೀನ ಪಡೆದಿರುತ್ತೇವೆ.’ ಇದರಲ್ಲಿ ‘ತಡ’ ಎಂಬ ಪದವೇ ಇಲ್ಲ. ‘ಇತರೆ ಎಲ್ಲ ವಿಷಯಗಳು’ ಎಂಬ ಮೂರು ಪದಗಳ ಚೀಲದಲ್ಲಿ ಅದೂ ಹೋಯಿತು. ನಲ್ಲಿ ಸೋರುತ್ತಿಲ್ಲ, ಟೈಲ್ಸ್ ಬಿರುಕಿಲ್ಲ ಎಂದು ನೋಡಿ ಸಹಿ ಹಾಕಿದವರ ಕೈಯಲ್ಲಿ ಮೂರು ವರ್ಷದ ತಡಕ್ಕೂ ತೃಪ್ತಿ ಬರೆಸಿಕೊಂಡಾಯಿತು. ಅಸ್ಪಷ್ಟ ಭಾಷೆಗೆ ಎರಡು ಬಗೆ: ತನ್ನ ಹೊಣೆಯನ್ನು ಕುಗ್ಗಿಸುವಾಗ ಅದು ಮೆತ್ತಗಾಗುತ್ತದೆ, ಎದುರಿನವರ ಹಕ್ಕನ್ನು ನುಂಗುವಾಗ ಅಗಲವಾಗುತ್ತದೆ. ಜನ ಮೊದಲನೆಯದನ್ನು ಹಿಡಿಯಲು ಕಲಿತಿದ್ದಾರೆ, ಎರಡನೆಯದು ಇನ್ನೂ ಕೈತಪ್ಪುತ್ತದೆ.

ಬ್ರೋಷರ್ ಮತ್ತು ಪಾರ್ಕಿಂಗ್

ಕ್ಲಬ್ ಹೌಸ್, ಶಾಲೆ, ಆರೋಗ್ಯ ಕೇಂದ್ರ, ಅಂಗಡಿ ಸಾಲು ಮುಂತಾದ ಸೌಕರ್ಯಗಳನ್ನೂ ಮಾರಾಟದ ಹೊತ್ತಿನಲ್ಲಿ ತೋರಿಸಲಾಗಿತ್ತು. ಮಾರಿ ಮುಗಿಸಿದ ಮೇಲೆ ಅವು ಲಾಭದಾಯಕವಲ್ಲ ಎಂದು ಬಿಲ್ಡರ್‌ಗೆ ಅನ್ನಿಸಬಹುದು, ಹಾಗೆಂದು ನಂಬಿ ಕೊಂಡವರನ್ನು ನಡುನೀರಿನಲ್ಲಿ ಕೈಬಿಡುವಂತಿಲ್ಲ, ತೋರಿಸಿದ ಚಿತ್ರಕ್ಕೆ ಬಿಲ್ಡರ್ ಹೊಣೆ ಎಂಬುದು ಪೀಠದ ಮಾತಿನ ಸಾರ.

ಪಾರ್ಕಿಂಗ್ ಶುಲ್ಕದ ವಿಷಯದಲ್ಲಿ ಕೊಳ್ಳುಗರ ವಾದ ನಿಲ್ಲಲಿಲ್ಲ. ಕರಾರಿನಲ್ಲೇ ಬೆಲೆಯ ವಿಭಜನೆಯೊಳಗೆ ಪಾರ್ಕಿಂಗ್ ಶುಲ್ಕವನ್ನು ಬೇರೆಯಾಗಿ ಕಾಣಿಸಿ, ಕೊಳ್ಳುವವರು ಒಪ್ಪಿದ್ದರು. ಇದನ್ನು ಸೋಲೆಂದು ಬದಿಗಿಡುವ ಬದಲು ಮೇಲಿನದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಕರಾರು, ಒಂದೇ ಪೀಠ. ಪದ ನೇರವಾಗಿದ್ದ ಕಡೆ ಅದಕ್ಕೇ ಬೆಲೆ ಬಂತು. ಕೋರ್ಟು ಕೊಳ್ಳುವವರ ಪರ ಎಂಬ ನಂಬಿಕೆಯಿಂದ ಓದದೆ ಸಹಿ ಮಾಡುವವರಿಗೆ ಈ ಭಾಗ ಸಾಕು.

ರೇರಾ ಬಂದ ಮೇಲೆ

ಬೇಗೂರಿನ ಕರಾರುಗಳು ರೇರಾಕ್ಕಿಂತ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಗಿಂತ, ಹಿಂದಿನವು. 2016ರ ಕಾಯ್ದೆ ಮತ್ತು 2017ರ ಕರ್ನಾಟಕ ನಿಯಮಗಳು ಇದೇ ಮೆತ್ತೆಗಳನ್ನು ಕಿತ್ತುಹಾಕಿವೆ. ಮಾದರಿ ಕರಾರಿನಲ್ಲಿ ಬಿಲ್ಡರ್ ಇಂತಿಂಥ ತಾರೀಖಿಗೆ ಸ್ವಾಧೀನ ಕೊಡುವುದಾಗಿ ಭರವಸೆ ಕೊಡಬೇಕು, ಪ್ರಯತ್ನಿಸುವುದಾಗಿ ಅಲ್ಲ. ‘ಎಲ್ಲ ನ್ಯಾಯಯುತ ವಿನಾಯಿತಿ’ಯ ಜಾಗಕ್ಕೆ ಮುಚ್ಚಿದ ಪಟ್ಟಿ ಬಂದಿದೆ: ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಮತ್ತು ಯೋಜನೆಗೆ ಪೆಟ್ಟು ಕೊಡುವ ಇತರ ನೈಸರ್ಗಿಕ ವಿಕೋಪ. ಮರಳು ಸಿಗಲಿಲ್ಲ, ಕೂಲಿಯವರು ಊರಿಗೆ ಹೋದರು, ಅನುಮತಿ ಬರಲಿಲ್ಲ ಎಂಬುವು ಆ ಪಟ್ಟಿಯಲ್ಲಿಲ್ಲ. ಬಿಲ್ಡರ್‌ನ ತಪ್ಪಿಲ್ಲದೆ ತಡವಾಗಿದ್ದರೆ ರೇರಾ ಪ್ರಾಧಿಕಾರ ಯೋಜನೆಯ ನೋಂದಣಿಯನ್ನು ಒಟ್ಟು ಒಂದು ವರ್ಷದವರೆಗೆ ವಿಸ್ತರಿಸಬಹುದು. 18ನೇ ಕಲಮಿನಂತೆ, ಹೇಳಿದ ತಾರೀಖಿಗೆ ಮನೆ ಕೊಡದಿದ್ದರೆ ಕೊಳ್ಳುವವರು ಹೊರಬಂದು ಬಡ್ಡಿ ಸಮೇತ ಹಣ ಕೇಳಬಹುದು, ಅಥವಾ ಉಳಿದುಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ದರ ಕರ್ನಾಟಕದಲ್ಲಿ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್‌ಗೆ (ಬ್ಯಾಂಕು ಸಾಲದ ಬಡ್ಡಿಗೆ ಇಟ್ಟುಕೊಳ್ಳುವ ಆಧಾರ ದರ) 2% ಸೇರಿಸಿದಷ್ಟು, ಎರಡೂ ಕಡೆಯವರಿಗೆ ಒಂದೇ. ಪಯೋನಿಯರ್ ಕರಾರಿನ 18-9ರ ಆಟಕ್ಕೆ ಇಲ್ಲಿ ಜಾಗವಿಲ್ಲ.

ಹಾಗೆಂದು ಅಸ್ಪಷ್ಟತೆ ಸಾಯಲಿಲ್ಲ, ಮನೆ ಬದಲಿಸಿತು. ನೋಂದಾಯಿತ ಕರಾರಿನಿಂದ ಹೊರಬಿದ್ದು ಅದರ ಸುತ್ತಲಿನ ಕಾಗದಗಳಿಗೆ, ಬಾಯಿಮಾತಿಗೆ ಹೋಗಿ ಸೇರಿಕೊಂಡಿತು.

ಸೈಟ್ ಆಫೀಸಿನಲ್ಲಿ ನಡೆಯುವ ಮಾತು ಬಹುಪಾಲು ಹೀಗಿರುತ್ತದೆ:

‘ಯಾವಾಗ ಕೊಡ್ತೀರಿ?’
‘ಡಿಸೆಂಬರ್‌ಗೆ ಹ್ಯಾಂಡೋವರ್ ಪ್ಲಾನ್ ಮಾಡಿದೀವಿ ಮೇಡಂ.’
‘ಪೇಪರಲ್ಲಿ ಮುಂದಿನ ವರ್ಷದ ಡಿಸೆಂಬರ್ ಅಂತಿದೆಯಲ್ಲ?’
‘ಅದು ರೇರಾ ಡೇಟ್ ಮೇಡಂ, ಸೇಫ್ಟಿಗೆ ಹಾಕಿರ್ತಾರೆ. ನಮ್ಮದು ಇಂಟರ್ನಲ್ ಟಾರ್ಗೆಟ್ ಬೇರೆ.’

ಮಾರಾಟ ವಿಭಾಗದ ಆ ಹುಡುಗ ಸುಳ್ಳು ಹೇಳಲಿಲ್ಲ. ಪ್ಲಾನ್ ಮಾಡಿರುವುದು ನಿಜವೇ ಇರಬಹುದು. ಆದರೆ ಕೊಳ್ಳುವವರು ಬಾಡಿಗೆ ಕರಾರು, ಮಕ್ಕಳ ಶಾಲೆಯ ಸೀಟು, ಇಎಂಐ ಲೆಕ್ಕ ಎಲ್ಲವನ್ನೂ ಇಂಟರ್ನಲ್ ಟಾರ್ಗೆಟ್‌ಗೆ ಜೋಡಿಸುತ್ತಾರೆ, ಬಿಲ್ಡರ್ ಹೊಣೆಯಾಗುವುದು ಕಾಗದದ ತಾರೀಖಿಗೆ. ನಡುವಿನ ಹನ್ನೆರಡು ತಿಂಗಳು ಕೊಳ್ಳುವವರ ತಲೆಗೆ.

ಇನ್ನೊಂದು ಜಾಗ ‘ಪೊಸೆಷನ್’ ಎಂಬ ಪದವೇ. ಒಸಿ ಬರುವ ಮೊದಲೇ ‘ಫಿಟ್‌ಔಟ್ ಪೊಸೆಷನ್’ ಎಂದು ಕೀಲಿ ಕೊಡುತ್ತಾರೆ: ಬನ್ನಿ, ವಾರ್ಡ್‌ರೋಬ್ ಕೆಲಸ ಶುರು ಮಾಡಿಸಿಕೊಳ್ಳಿ ಎಂದು. ಕೊಳ್ಳುವವರು ಅದನ್ನು ಸ್ವಾಧೀನ ಎಂದುಕೊಳ್ಳುತ್ತಾರೆ. ಬಿಲ್ಡರ್‌ನ ಕಡತದಲ್ಲಿ ಅದು ತಡದ ಲೆಕ್ಕ ನಿಲ್ಲಿಸುವ ಪತ್ರವಾಗಬಹುದು, ಮೆಂಟೆನೆನ್ಸ್ ಬಿಲ್ ಶುರುಮಾಡುವ ಪತ್ರವಂತೂ ಆಗುತ್ತದೆ. ಬೇಗೂರಿನ ತೀರ್ಪಿನಲ್ಲಿ ಲೆಕ್ಕ ನಿಂತದ್ದು ಒಸಿ ಸಿಕ್ಕ ನಂತರದ ಸ್ವಾಧೀನ ಕರೆಗೆ ಎಂಬುದನ್ನು ನೆನಪಿಟ್ಟುಕೊಂಡು ಇಂಥ ಪತ್ರ ಓದಬೇಕು. ‘ಒಸಿ ಅಪ್ಲೈಡ್’, ‘ಒಸಿ ಪ್ರೋಸೆಸ್‌ನಲ್ಲಿದೆ’ ಎಂದರೆ ಒಸಿ ಇಲ್ಲ ಎಂದರ್ಥ. ಆರ್ಕಿಟೆಕ್ಟ್ ಕೊಟ್ಟ ಕೆಲಸ ಮುಗಿದ ಪ್ರಮಾಣಪತ್ರ ಒಸಿಯಲ್ಲ.

ವಿಸ್ತೀರ್ಣದ ಗೊಂದಲ ಹಳೆಯದು, ಬೇಗ ಮುಗಿಸೋಣ. ಜಾಹೀರಾತಿನ 1,500 ಸೂಪರ್ ಬಿಲ್ಟ್‌ಅಪ್, ಅಂದರೆ ಮೆಟ್ಟಿಲು, ಲಿಫ್ಟ್‌ನಂಥ ಹಂಚಿಕೆಯ ಜಾಗವೂ ಸೇರಿದ ಅಳತೆ. ಕಾರ್ಪೆಟ್, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಅದರ 70% ಇದ್ದರೆ 1,050 ಚದರಡಿ, ಅಂದರೆ 97.5 ಚದರ ಮೀಟರ್. ಕಾಯ್ದೆಯ ಕಾರ್ಪೆಟ್‌ನಲ್ಲಿ ಒಳಗೋಡೆ ಸೇರುತ್ತದೆ; ಹೊರಗೋಡೆ, ಡಕ್ಟ್, ಬಾಲ್ಕನಿ ಸೇರುವುದಿಲ್ಲ. ‘ಸೂಪರ್’ ಎಂಬುದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯಾನವೇ ಇಲ್ಲ, ಅದಕ್ಕೇ ಅದು ಮಾರಾಟಗಾರರಿಗೆ ಇಷ್ಟ.

ಹಣ ಕೊಡುವ ಮೊದಲು

ಕ್ರಮ ಮುಖ್ಯ, ಏಕೆಂದರೆ ಬುಕ್ಕಿಂಗ್ ಹಣ ಕೊಟ್ಟ ಮೇಲೆ ಚೌಕಾಸಿಯ ಬಲ ಅರ್ಧವಾಗುತ್ತದೆ. ಮೊದಲು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಯೋಜನೆಯ ಪುಟ ತೆರೆಯಿರಿ. ನೋಂದಣಿಯ ಸಮಯದಲ್ಲಿ ಬಿಲ್ಡರ್ ಹಂಚಿಕೆ ಪತ್ರ, ಮಾರಾಟದ ಕರಾರು, ಕ್ರಯಪತ್ರ ಮೂರರ ಕರಡನ್ನೂ ಪ್ರಾಧಿಕಾರಕ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಕರಡನ್ನು ನಿಮಗೆ ಕಳಿಸಿದ ಕರಡಿನ ಪಕ್ಕದಲ್ಲಿಟ್ಟು ಸ್ವಾಧೀನ, ವಿನಾಯಿತಿ, ಬಡ್ಡಿ, ರದ್ದತಿ ಈ ನಾಲ್ಕು ಕಲಮುಗಳನ್ನು ಪದಪದವಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಅದು ಸಾಮಾನ್ಯವಾಗಿ ಕ್ರಿಯಾಪದದಲ್ಲೋ ‘ಮುಂತಾದ’, ‘ಇತ್ಯಾದಿ’ಗಳಲ್ಲೋ ಇರುತ್ತದೆ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ 10%ಗಿಂತ ಹೆಚ್ಚು ಕೇಳುವಂತಿಲ್ಲ ಎಂಬುದು ರೇರಾದ 13ನೇ ಕಲಮು.

ಇಂಗ್ಲಿಷ್ ಕರಾರಿನ ಸ್ವಾಧೀನದ ಕಲಮನ್ನು ಮನೆಯವರ ಎದುರು ಆಡುಮಾತಿನಲ್ಲಿ ಒಂದೇ ವಾಕ್ಯವಾಗಿ ಹೇಳಿ ನೋಡಿ. ಯಾರು, ಏನನ್ನು, ಯಾವ ತಾರೀಖಿಗೆ ಕೊಡುತ್ತಾರೆ, ಕೊಡದಿದ್ದರೆ ಎಷ್ಟು ಎಂಬ ನಾಲ್ಕಕ್ಕೂ ಉತ್ತರ ವಾಕ್ಯದಲ್ಲಿ ಬರಬೇಕು. ‘ಅವರು... ಅಂದರೆ... ಮುಗಿಸೋಕೆ ನೋಡ್ತಾರೆ...’ ಎಂದು ನಾಲಿಗೆ ತಡವರಿಸಿದ ಜಾಗದಲ್ಲೇ ಪೆನ್ಸಿಲ್ ಗುರುತು ಹಾಕಿ.

ಬಾಯಿಮಾತನ್ನು ಕಾಗದಕ್ಕಿಳಿಸಲು ಜಗಳ ಬೇಕಿಲ್ಲ. ಮಾತಾದ ದಿನ ಸಂಜೆ ಕಂಪನಿಯ ಅಧಿಕೃತ ವಿಳಾಸಕ್ಕೆ ಇಷ್ಟು ಇಮೇಲ್ ಸಾಕು:

‘ಇಂದು ಸೈಟ್ ಕಚೇರಿಯಲ್ಲಿ ನಿಮ್ಮ ಮಾರಾಟ ವಿಭಾಗದವರು ಒಸಿ ಸಮೇತ ಫ್ಲ್ಯಾಟ್‌ನ ಸ್ವಾಧೀನವನ್ನು ಬರುವ ಡಿಸೆಂಬರ್ 31ರೊಳಗೆ ಕೊಡುವುದಾಗಿ ತಿಳಿಸಿದರು. ಕರಡು ಕರಾರಿನಲ್ಲಿ ತಾರೀಖು ಬೇರೆ ಇದೆ. ಎರಡರಲ್ಲಿ ಕಂಪನಿ ಯಾವುದಕ್ಕೆ ಬದ್ಧ ಎಂದು ಏಳು ದಿನಗಳೊಳಗೆ ತಿಳಿಸಿ. ನಿಮ್ಮ ಉತ್ತರ ನೋಡಿ ಬುಕ್ಕಿಂಗ್ ಹಣ ಕಟ್ಟುತ್ತೇವೆ.’

‘ಪ್ರಯತ್ನಿಸುವಿರಾ’ ಎಂದು ಕೇಳಬೇಡಿ, ‘ಬದ್ಧವೇ’ ಎಂದು ಕೇಳಿ. ಉತ್ತರ ಬಂದರೆ ತಾರೀಖು ಗೊತ್ತಾಗುತ್ತದೆ. ‘ತಮ್ಮ ಇಮೇಲ್‌ಗೆ ಧನ್ಯವಾದ, ನಮ್ಮ ತಂಡ ತಮ್ಮನ್ನು ಸಂಪರ್ಕಿಸಲಿದೆ’ ಎಂದು ಬಂದರೆ ಅದೂ ಉತ್ತರವೇ. ಬ್ರೋಷರ್, ಜಾಹೀರಾತು, ಮಾದರಿ ಫ್ಲ್ಯಾಟ್‌ನ ಫೋಟೊಗಳನ್ನು ತಾರೀಖು ಸಮೇತ ಇಟ್ಟುಕೊಳ್ಳಿ. ಸುಳ್ಳು ಜಾಹೀರಾತು ನಂಬಿ ನಷ್ಟವಾದರೆ ಪರಿಹಾರ ಕೇಳಲು ರೇರಾದ 12ನೇ ಕಲಮಿದೆ. ಹಳೆಯ ಕರಾರಿನಲ್ಲಿ ಸಿಕ್ಕಿಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ಕರಾರು’ ಎಂಬ ಹೊಸ ಆಧಾರ ಕೊಟ್ಟಿದೆ, ಆದರೆ ಅಂಥ ಷರತ್ತನ್ನು ಅನೂರ್ಜಿತ ಎನ್ನುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ, ಜಿಲ್ಲಾ ಆಯೋಗಕ್ಕಿಲ್ಲ. ಎಲ್ಲಿ ದೂರು ಹಾಕಬೇಕೆಂದು ನಿರ್ಧರಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಕೀಲಿಕೈಯ ದಿನ ಬೇಗೂರಿನವರ ಅನುಭವ ನೆನಪಿರಲಿ. ಒಸಿ ಬಂದ ಎರಡು ತಿಂಗಳೊಳಗೆ ಸ್ವಾಧೀನ ಪಡೆಯುವುದು ಕೊಳ್ಳುವವರ ಹೊಣೆ, ಹಾಗಾಗಿ ಹಟಕ್ಕೆ ಬಿದ್ದು ಕೀಲಿ ಬೇಡ ಎನ್ನಬೇಡಿ. ಸ್ವಾಧೀನ ಪತ್ರದಲ್ಲಿ ನಿಮ್ಮ ಸಹಿಯ ಮೇಲ್ಗಡೆ ಕೈಯಲ್ಲೇ ‘ತಡಕ್ಕೆ ಸಂಬಂಧಿಸಿದ ಪರಿಹಾರದ ಹಕ್ಕನ್ನು ಕಾಯ್ದಿರಿಸಿ ಸ್ವಾಧೀನ ಪಡೆದಿದ್ದೇನೆ’ ಎಂದು ಬರೆದು, ತಾರೀಖು ಹಾಕಿ, ಫೋಟೊ ತೆಗೆದುಕೊಳ್ಳಿ. ಹಾಗೆ ಬರೆಯಲು ಬಿಡದಿದ್ದರೆ ಅದೇ ದಿನ ಅದೇ ಮಾತನ್ನು ಇಮೇಲ್ ಮಾಡಿ, ಬಿಡಲಿಲ್ಲ ಎಂಬುದನ್ನೂ ಸೇರಿಸಿ. ಬೇಗೂರಿನ ಕೊಳ್ಳುಗರಿಗೆ ಬಲ ಕೊಟ್ಟದ್ದು ಕಂಪನಿಯೇ ಬರೆದ ಅಂಥ ಪತ್ರಗಳು.

ರಾಜಿ ಪತ್ರ ಮಾತ್ರ ಬೇರೆ ಜಾತಿಯದು. 339 ಜನರಲ್ಲಿ 11 ಮಂದಿ ಕಂಪನಿಯೊಂದಿಗೆ ಪ್ರತ್ಯೇಕ ರಾಜಿ ಮಾಡಿಕೊಂಡಿದ್ದರು, ಇನ್ನು ಮೂವರು ತಮ್ಮ ಹಕ್ಕನ್ನು ಬೇರೆಯವರಿಗೆ ಮಾರಿಬಿಟ್ಟಿದ್ದರು. 6%ರ ಆದೇಶ ಈ 14 ಮಂದಿಯನ್ನು ಬಿಟ್ಟು ಉಳಿದವರಿಗೆ.